ಕೂಗಳತೆಯ ಆಚೆ ಅಪಘಾತವಾದರೆ ಸುದ್ದಿ ಮುಟ್ಟಿಸುವುದು ಹೇಗೆ?



ಈ ಸಲದ ಪಾಠವನ್ನು ಒಂದೇ ವಾರದ ಸಭೆಯಲ್ಲಿ ಓದಿ ಮುಗಿಸಬೇಡಿ, ಎರಡು ವಾರ ತೆಗೆದುಕೊಳ್ಳಿ. ಉಳಿತಾಯದ ಹಣ ಕಟ್ಟಿ, ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬರು ಗಟ್ಟಿಯಾಗಿ ಓದಲಿ. ಓದು ಬಾರದ ಸದಸ್ಯರು ಹಿಂದೆ ಕೂರುವುದು ಬೇಡ, ಮುಂದೆ ಬಂದು ಕೂರಲಿ. ಯಾಕೆಂದರೆ ಕಾಡಿನ ದಾರಿ, ಬೆಟ್ಟದ ದಾರಿ ಚೆನ್ನಾಗಿ ಗೊತ್ತಿರುವುದು ಹೆಚ್ಚಾಗಿ ಅವರಿಗೇ.

ನಮ್ಮ ಹಿರಿಯರು ಸಣ್ಣಪುಟ್ಟ ದೂರವನ್ನು ಕಿಲೋಮೀಟರಿನಲ್ಲಿ ಹೇಳುತ್ತಿರಲಿಲ್ಲ. "ಒಂದು ಕೂಗಳತೆ ದೂರ" ಅನ್ನುತ್ತಿದ್ದರು. ಇಲ್ಲಿ ನಿಂತು ಕೂಗಿದರೆ ಅಲ್ಲಿರುವವರಿಗೆ ಕೇಳಿಸಬೇಕು, ಅಷ್ಟು ದೂರ. ಆ ಮಾತಿನಲ್ಲಿ ಕ್ಷೇಮದ ಲೆಕ್ಕವೂ ಇತ್ತು. ಕುರಿ ಬಿಟ್ಟವಳು, ಸೌದೆಗೆ ಹೋದವಳು ಕೂಗಳತೆಯೊಳಗೆ ಇದ್ದರೆ ಮನೆಯವರಿಗೆ ನಿಶ್ಚಿಂತೆ. ಈಗ ಕೈಗೆ ಮೊಬೈಲ್ ಬಂದಿದೆ. ಫೋನ್ ಐತಲ್ಲ ಅನ್ನುವ ಧೈರ್ಯದಲ್ಲಿ ಕೂಗಳತೆಯ ಲೆಕ್ಕ ಮರೆತುಹೋಗಿದೆ. ಆದರೆ ಬೆಟ್ಟದ ಹಿಂದಕ್ಕೆ ಹೋದ ಕೂಡಲೇ ಫೋನಿನ ಮೇಲಿನ ಸಿಗ್ನಲ್ ಕಡ್ಡಿಗಳು ಒಂದೊಂದೇ ಇಳಿದುಹೋಗುತ್ತವೆ. ಆಗ ಕೈಯಲ್ಲಿರುವುದು ಟಾರ್ಚ್ ಮತ್ತು ಗಡಿಯಾರ, ಅಷ್ಟೇ.

ಸತ್ಯಮಂಗಲದಲ್ಲಿ ಕೂತು ಕಾಡಿನ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಇಲ್ಲಿ ಕೈಗಾರಿಕಾ ಪ್ರದೇಶ ಇದೆ, ತುಮಕೂರು ಪಟ್ಟಣ ಪಕ್ಕದಲ್ಲೇ ಇದೆ, ಆಟೋ ಸಿಗುತ್ತದೆ, ಆಸ್ಪತ್ರೆ ಸಿಗುತ್ತದೆ. ನಿಜ. ಆದರೆ ನಮ್ಮ ಸದಸ್ಯರ ಕಾಲು ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ. ದೇವರಾಯನದುರ್ಗ ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಎಷ್ಟೋ ಜನರ ತವರುಮನೆ ಇದೆ. ಸೌದೆ, ಹುಣಸೆಹಣ್ಣು, ಹೊಂಗೆಬೀಜ, ಸೀತಾಫಲ ಅಂತ ಬೆಟ್ಟದ ಬುಡಕ್ಕೆ ಹೋಗುವವರು ಇದ್ದಾರೆ. ಕೊರಟಗೆರೆ ಕಡೆಯ ಸಿದ್ದರಬೆಟ್ಟ, ಕುಣಿಗಲ್ ಕಡೆಯ ಹುತ್ರಿದುರ್ಗ ಹತ್ತುವವರಿದ್ದಾರೆ. ಗುಬ್ಬಿ ಕಡೆ ಗೋಮಾಳದಲ್ಲಿ ಕುರಿ ಮೇಯಿಸುವ ಬಂಧುಗಳಿದ್ದಾರೆ. ಇವರಲ್ಲಿ ಯಾರಿಗಾದರೂ ಏನಾದರೂ ಆದರೆ ಸುದ್ದಿ ರಸ್ತೆಗೆ ಬರುವುದು ಹೇಗೆ? ಈ ಪಾಠ ಇರುವುದು ಅದರ ಮೇಲೆ.

ನಮ್ಮ ಜಿಲ್ಲೆಯ ಒಂದು ಘಟನೆ, ಪಕ್ಕದ ಜಿಲ್ಲೆಯ ಒಂದು ಘಟನೆ

2024ರ ಅಕ್ಟೋಬರ್ 27, ಭಾನುವಾರ. ಮಂದರಗಿರಿ ಬೆಟ್ಟದ ಬುಡದ ಮೈದಾಳ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ನೋಡಲು ಗೆಳತಿಯ ಜೊತೆ ಹೋದ ಒಬ್ಬ ವಿದ್ಯಾರ್ಥಿನಿ ಫೋಟೋ ತೆಗೆಯುವಾಗ ಕಾಲು ಜಾರಿ ನೀರಿನ ಸೆಳೆತಕ್ಕೆ ಸಿಕ್ಕಿದಳು, ಬಂಡೆಗಳ ನಡುವಿನ ಪೊಟರೆಯೊಳಗೆ ಹೋಗಿಬಿಟ್ಟಳು. ಮೇಲಿಂದ ನೀರು ಧುಮುಕುತ್ತಿದೆ, ಒಳಗಿಂದ ಕೂಗಿದರೆ ಹೊರಗೆ ಕೇಳಿಸದು. ಫೋನ್ ಇದ್ದರೂ ಅಲ್ಲಿ ಏನೂ ಉಪಯೋಗವಿಲ್ಲ. ಆದರೂ ಸುದ್ದಿ ಹೊರಟಿತು. ಮನೆಯವರಿಗೆ, ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ ತಿಳಿಯಿತು. ಅಗ್ನಿಶಾಮಕದವರು ಮರಳಿನ ಮೂಟೆಗಳನ್ನು ಒಡ್ಡಿ ನೀರನ್ನು ಬೇರೆ ಕಡೆ ತಿರುಗಿಸಿದರು. ರಾತ್ರಿಯೆಲ್ಲಾ ಕಳೆದು ಮರುದಿನ, ಸೋಮವಾರ, ಆ ಹುಡುಗಿ ಜೀವಂತವಾಗಿ ಹೊರಗೆ ಬಂದಳು. ಬದುಕಿರುವುದು ಕಷ್ಟ ಅಂತ ಎಷ್ಟೋ ಜನ ಅಂದುಕೊಂಡಿದ್ದರು.

ನಾವು ಇದನ್ನು ಪವಾಡ ಅಂತ ಹೇಳಿ ಸುಮ್ಮನಾಗಬಹುದು. ದೇವರ ದಯೆ ಇತ್ತು, ಸಂಶಯವಿಲ್ಲ. ಆದರೆ ಅಗ್ನಿಶಾಮಕದವರ ಶ್ರಮಕ್ಕೆ ಒಂದು ದಾರಿ ಬೇಕಿತ್ತಲ್ಲವೇ? ಆ ದಾರಿ ತೋರಿಸಿದ್ದು ಏನೆಂದರೆ, ಅವಳು ಒಬ್ಬಳೇ ಹೋಗಿರಲಿಲ್ಲ, ಜೊತೆಗೆ ಒಬ್ಬಳಿದ್ದಳು. ಎಲ್ಲಿ ಜಾರಿದ್ದು ಅನ್ನುವುದು ಗೊತ್ತಿತ್ತು. ಇಡೀ ಕೆರೆ ಹುಡುಕುವ ಬದಲು ಆ ಕೋಡಿಯ ಬಂಡೆಗಳನ್ನೇ ಹುಡುಕಿದರು. ಅವಳು ಒಂಟಿಯಾಗಿ ಹೋಗಿದ್ದರೆ, ಮನೆಯಲ್ಲಿ ಎಲ್ಲಿಗೆ ಅಂತ ಹೇಳದೆ ಹೋಗಿದ್ದರೆ, ಹುಡುಕಾಟ ಎಲ್ಲಿಂದ ಶುರುವಾಗುತ್ತಿತ್ತು?

ಇನ್ನೊಂದು, ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟದ ಕಡೆಯದು. 2022ರ ಫೆಬ್ರವರಿ 20ರಂದು ಬ್ರಹ್ಮಗಿರಿ ಹತ್ತುತ್ತಿದ್ದ ಒಬ್ಬ ಯುವಕ ಜಾರಿ ಕೆಳಗಿನ ಬಂಡೆಯ ಮೇಲೆ ಸಿಕ್ಕಿಹಾಕಿಕೊಂಡ. ಮೇಲಕ್ಕೂ ಹೋಗಲಾಗದು, ಕೆಳಕ್ಕೂ ಇಳಿಯಲಾಗದು. ಅಲ್ಲಿ ಸಿಗ್ನಲ್ ಇತ್ತು. ಅವನು ತಾನಿರುವ ಜಾಗವನ್ನು ಫೋನಿನಿಂದಲೇ ತಿಳಿಸಿದ. ಕೊನೆಗೆ ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಹೆಲಿಕಾಪ್ಟರ್ ಎಲ್ಲರಿಗೂ ಬರುವುದಿಲ್ಲ, ಅದನ್ನು ಕಾಯುತ್ತಾ ಕೂರುವುದೂ ಬೇಡ. ಆದರೆ ಇಷ್ಟು ಗಮನಿಸಿ. ಒಂದು ಕಡೆ ಫೋನ್ ಕೆಲಸ ಮಾಡಿತು, ಇನ್ನೊಂದು ಕಡೆ ಜೊತೆಯವಳು ಮಾಡಿದಳು. ಎರಡೂ ಕಡೆ ಹೊರಗಿನವರಿಗೆ ಮುಟ್ಟಿದ್ದು ಒಂದೇ ಮಾತು: "ಇಂಥ ಜಾಗದಲ್ಲಿ".

"ಇಲ್ಲೇ ಬೆಟ್ಟದ ಹತ್ರ ಸಾ"

108 ಆಂಬ್ಯುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಶುರುವಾಯಿತು. ಈಗ ಮಕ್ಕಳಿಗೂ ಆ ನಂಬರ್ ಗೊತ್ತು. ಆದರೆ ನಂಬರ್ ಗೊತ್ತಿರುವುದು ಬೇರೆ, ಮಾತಾಡಲು ಬರುವುದು ಬೇರೆ. ಗಾಬರಿಯಲ್ಲಿ ನಮ್ಮವರು ಮಾತಾಡುವುದು ಸಾಮಾನ್ಯವಾಗಿ ಹೀಗಿರುತ್ತದೆ:

"ಹಲೋ, ಬೇಗ ಬನ್ನಿ ಸಾ, ನಮ್ಮಕ್ಕ ಬಿದ್ದುಬಿಟ್ಟವ್ಳೆ!"

"ಎಲ್ಲಿಂದ ಮಾತಾಡ್ತಿದೀರಮ್ಮ?"

"ಇಲ್ಲೇ ಬೆಟ್ಟದ ಹತ್ರ ಸಾ."

"ಯಾವ ಬೆಟ್ಟ? ಯಾವ ಊರು, ಯಾವ ತಾಲ್ಲೂಕು?"

"ಅಯ್ಯೋ, ನಮ್ಮೂರ ಬೆಟ್ಟ ಸಾ, ಎಲ್ರಿಗೂ ಗೊತ್ತೈತೆ. ರಕ್ತ ಹೋಗ್ತಾ ಐತೆ, ಬೇಗ ಬನ್ನಿ!" ಅಂತ ಫೋನ್ ಕಟ್.

ನಗಬೇಡಿ. ಅವಳ ಜಾಗದಲ್ಲಿ ನಾವಿದ್ದರೂ ಹೀಗೇ. ಫೋನ್ ಎತ್ತುವವರು ನಮ್ಮ ಊರಿನವರಲ್ಲ, ನಮ್ಮ ಊರಿನ ಬೆಟ್ಟವನ್ನು ಅವರು ಕಂಡಿಲ್ಲ. ಸತ್ಯಮಂಗಲ ಅಂತ ಬರೀ ಹೆಸರು ಹೇಳಿದರೆ ಏನಾಗುತ್ತದೆ ಯೋಚಿಸಿ. ಹಾಸನದ ಪಕ್ಕದಲ್ಲೂ ಒಂದು ಸತ್ಯಮಂಗಲ ಇದೆ. ತಮಿಳುನಾಡಿನ ಸತ್ಯಮಂಗಲ ಕಾಡಿನ ಹೆಸರನ್ನು ಕೇಳದವರೇ ಇಲ್ಲ. ಇನ್ನು ಗೊಲ್ಲರಹಟ್ಟಿ, ಹೊಸಹಳ್ಳಿ ಅಂದರಂತೂ ಮುಗಿಯಿತು, ನಮ್ಮ ಜಿಲ್ಲೆಯಲ್ಲೇ ಎಷ್ಟಿವೆಯೋ! ಆದ್ದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಆಮೇಲೆ ಗುರುತು, ಈ ಕ್ರಮದಲ್ಲಿ ಹೇಳುವ ಅಭ್ಯಾಸ ಆಗಬೇಕು. ದೊಡ್ಡದರಿಂದ ಚಿಕ್ಕದಕ್ಕೆ ಬರಬೇಕು. ನಾವು ಮಾಡುವುದು ತಿರುಗಾಮುರುಗಾ.

ನಮಗೆ ಗೊತ್ತಿರುವ ಒಂದು ಸಂಗತಿ ಹೇಳುತ್ತೇವೆ, ಊರು ಹೆಸರು ಬೇಡ. ಹುಣಸೆಹಣ್ಣು ಬಡಿಯಲು ಮೂರು ಜನ ಹೆಂಗಸರು ಬೆಟ್ಟದ ಪಕ್ಕಕ್ಕೆ ಹೋಗಿದ್ದರು. ಒಬ್ಬಳು ಬಂಡೆಯಿಂದ ಜಾರಿ ತೊಡೆಯ ಮೂಳೆ ಮುರಿಯಿತು. ಒಬ್ಬಳು ಕೆಳಗೆ ಓಡಿ ಬಂದು ಸಿಗ್ನಲ್ ಸಿಕ್ಕ ಕಡೆಯಿಂದ ಫೋನ್ ಮಾಡಿದಳು. ಬೆಟ್ಟದ ಹೆಸರನ್ನು ಸರಿಯಾಗಿಯೇ ಹೇಳಿದಳು. ಆದರೆ ಆ ಬೆಟ್ಟಕ್ಕೆ ಎರಡು ಕಡೆಯಿಂದ ದಾರಿ. ಆಂಬ್ಯುಲೆನ್ಸ್ ದೇವಸ್ಥಾನದ ಕಡೆಯಿಂದ ಬಂತು, ಇವರು ಕಾಯುತ್ತಿದ್ದುದು ಕೆರೆಯ ಕಡೆ. ಡ್ರೈವರ್ ವಾಪಸ್ ಫೋನ್ ಮಾಡಿದರೆ ನಂಬರ್ ಬ್ಯುಸಿ. ಅವಳು ಗಂಡನಿಗೆ, ತಮ್ಮನಿಗೆ, ಪಕ್ಕದ ಮನೆಯವರಿಗೆ ಒಂದೇ ಸಮನೆ ಫೋನ್ ಮಾಡುತ್ತಿದ್ದಳು. ಗಾಡಿ ಅವರನ್ನು ಮುಟ್ಟುವ ಹೊತ್ತಿಗೆ ಒಂದು ಗಂಟೆಗಿಂತ ಹೆಚ್ಚು ಹೋಗಿತ್ತು. ಜೀವ ಉಳಿಯಿತು, ಆದರೆ ಆಕೆ ಇವತ್ತಿಗೂ ಕೋಲು ಹಿಡಿದು ನಡೆಯುತ್ತಾರೆ. ಅಷ್ಟು ಹೊತ್ತು ನೋವಿನಲ್ಲಿ ಬಂಡೆಯ ಮೇಲೆ ಬಿದ್ದಿದ್ದು ನೆನೆದರೆ ಈಗಲೂ ಕಣ್ಣಲ್ಲಿ ನೀರು ಬರುತ್ತದೆ ಅವರಿಗೆ.

ಇದರಲ್ಲಿ ಯಾರದೂ ಅಸಡ್ಡೆ ಇಲ್ಲ. ಓಡಿ ಬಂದವಳು ತನ್ನ ಕೈಲಾದದ್ದೆಲ್ಲಾ ಮಾಡಿದಳು. ಎರಡು ಮಾತು ಅವಳಿಗೆ ಮೊದಲೇ ಯಾರಾದರೂ ಹೇಳಿಕೊಡಬೇಕಿತ್ತು. ಗಾಡಿ ಬರಬೇಕಾದ ರಸ್ತೆಯ ಕೊನೆಯ ಜಾಗ ಯಾವುದು, ಅಲ್ಲಿ ಯಾರು ನಿಂತಿರುತ್ತಾರೆ ಅನ್ನುವುದನ್ನು ಹೇಳಬೇಕು. ಎರಡನೆಯದು, ಯಾವ ಫೋನಿನಿಂದ ಕರೆ ಮಾಡಿದೆವೋ ಆ ಫೋನನ್ನು ಸುಮ್ಮನೆ ಇಟ್ಟುಕೊಳ್ಳಬೇಕು, ಅದಕ್ಕೇ ವಾಪಸ್ ಕರೆ ಬರುವುದು. ನೆಂಟರಿಗೆ ಬೇರೆಯವರ ಫೋನಿನಿಂದ ತಿಳಿಸಿದರಾಯಿತು.

ಗುರುತು ಹೇಳುವಾಗ "ದೊಡ್ಡ ಆಲದ ಮರ" ಅಂದರೆ ಹೊರಗಿನವರಿಗೆ ತಿಳಿಯದು. ಶಾಲೆ, ಹಾಲಿನ ಡೈರಿ, ನೀರಿನ ಟ್ಯಾಂಕ್, ರಸ್ತೆ ಬದಿಯ ಕಿಲೋಮೀಟರ್ ಕಲ್ಲು, ಕರೆಂಟ್ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವ ನಂಬರ್, ಇವು ಒಳ್ಳೆಯ ಗುರುತುಗಳು. ಕೀಪ್ಯಾಡ್ ಫೋನಿನವರಿಗೆ ಇದೇ ಸಾಕು. ದೊಡ್ಡ ಫೋನ್ ಇದ್ದು ಇಂಟರ್‌ನೆಟ್ ಇದ್ದರೆ ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಬಹುದು, ಇದು ನಿಮ್ಮ ಮಕ್ಕಳಿಗೆ ಬರುತ್ತದೆ, ಅವರಿಂದ ಕಲಿಯಿರಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಫೋನು ತಾನಿರುವ ಜಾಗವನ್ನು ಉಪಗ್ರಹದ ಸಂಕೇತದಿಂದ ಕಂಡುಹಿಡಿಯುತ್ತದೆ, ಅದಕ್ಕೆ ಟವರ್ ಬೇಕಾಗಿಲ್ಲ. ಮ್ಯಾಪಿನಲ್ಲಿ ನಿಮ್ಮ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಕಾಣುತ್ತದೆ. ತುಮಕೂರಿನ ಸುತ್ತಮುತ್ತ ಮೊದಲನೆಯದು 13ರಿಂದ, ಎರಡನೆಯದು 77ರಿಂದ ಶುರುವಾಗುತ್ತದೆ. ಗುಬ್ಬಿ ಕಡೆ ಹೋದರೆ ಎರಡನೆಯದು 76 ಆಗುತ್ತದೆ. ಚುಕ್ಕಿಯ ನಂತರದ ಅಂಕಿಗಳನ್ನೂ ಬಿಡದೆ ಒಂದು ಚೀಟಿಯಲ್ಲಿ ಬರೆದು ಕೆಳಗೆ ಹೋಗುವವಳ ಕೈಗೆ ಕೊಟ್ಟರೆ, ಅವಳು ಫೋನಿನಲ್ಲಿ ಅದನ್ನು ಓದಿ ಹೇಳಬಹುದು.

ಸಿಗ್ನಲ್ ಇಲ್ಲದಿದ್ದರೆ?

112 ಅನ್ನುವುದು ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಎಲ್ಲಕ್ಕೂ ಒಂದೇ ನಂಬರ್. ನಿಮ್ಮ ಸಿಮ್ಮಿನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಕಂಪನಿಯ ಟವರ್ ಸಿಗುತ್ತಿದ್ದರೆ 112ಕ್ಕೆ ಕರೆ ಹೋಗುವ ಸಾಧ್ಯತೆ ಇದೆ. ಆದ್ದರಿಂದ ಕಡ್ಡಿ ಇಲ್ಲ ಅಂತ ಕೈಬಿಡದೆ ಒಂದು ಸಲ ಒತ್ತಿ ನೋಡಿ. ಯಾವ ಟವರೂ ಇಲ್ಲದಿದ್ದರೆ ಹೋಗುವುದಿಲ್ಲ. 2017ರಿಂದ ಮಾರಾಟವಾಗುವ ಫೋನುಗಳಲ್ಲಿ ತುರ್ತು ಗುಂಡಿ ಇರಲೇಬೇಕು ಅಂತ ಸರ್ಕಾರದ ನಿಯಮ ಇದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು, ದೊಡ್ಡ ಫೋನಿನಲ್ಲಿ ಆನ್ ಮಾಡುವ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತುವುದು. ಕೆಲವು ಫೋನುಗಳಲ್ಲಿ ಐದು ಸಲ. ಸುಮ್ಮನೆ ಪರೀಕ್ಷೆ ಮಾಡಲು ಒತ್ತಬೇಡಿ, ಅಲ್ಲಿ ನಿಜವಾಗಿ ಕಷ್ಟದಲ್ಲಿರುವವರ ಕರೆ ಕಾಯುತ್ತಿರುತ್ತದೆ.

ಮಾತು ಹೋಗದ ಕಡೆ ಕೆಲವೊಮ್ಮೆ ಮೆಸೇಜ್ ಹೋಗುತ್ತದೆ. ಮಾತಿಗೆ ಸಿಗ್ನಲ್ ಎಡೆಬಿಡದೆ ಬೇಕು, ಮೆಸೇಜಿಗೆ ಒಂದು ಕ್ಷಣ ಸಿಕ್ಕರೆ ಸಾಕು. ಮನೆಯಲ್ಲಿ ಓದು ಬರುವ ಒಬ್ಬರಿಗೆ ಜಾಗದ ಹೆಸರು ಹಾಕಿ ಮೆಸೇಜ್ ಕಳಿಸಿ, ಫೋನನ್ನು ಎತ್ತರದ, ಬಯಲಾದ ಜಾಗಕ್ಕೆ ತೆಗೆದುಕೊಂಡು ಹೋಗಿ. ಬಂಡೆಯ ಮರೆಯಲ್ಲಿ, ಹಳ್ಳದ ಒಳಗೆ ನಿಂತು ಹಲೋ ಹಲೋ ಅಂದರೆ ಬ್ಯಾಟರಿ ಖಾಲಿ, ಅಷ್ಟೇ. ಕಾಡಂಚಿನ ಎಷ್ಟೋ ಊರುಗಳಲ್ಲಿ ಸಿಗ್ನಲ್ ಸಿಗುವ ಒಂದು ಬಂಡೆ, ಒಂದು ದಿಬ್ಬ ಇದ್ದೇ ಇರುತ್ತದೆ. ಹುಡುಗರು ಅಲ್ಲೇ ಹೋಗಿ ಕೂತಿರುತ್ತಾರೆ! ಬೈಯುವ ಬದಲು ಆ ಜಾಗ ಯಾವುದು ಅಂತ ಅವರನ್ನು ಕೇಳಿ ತಿಳಿದುಕೊಳ್ಳಿ.

ಫೋನಿಗಿಂತ ಹಳೆಯ ದಾರಿಯೂ ಇದೆ. ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಒಂದು ಸಂಕೇತ ಬಳಕೆಯಲ್ಲಿದೆ, ಈಗ ಪ್ರಪಂಚದಲ್ಲಿ ಬೆಟ್ಟ ಹತ್ತುವವರೆಲ್ಲಾ ಅದನ್ನು ಕಲಿಯುತ್ತಾರೆ. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಬೇಕು. ಸೀಟಿ ಇಲ್ಲದಿದ್ದರೆ ಆರು ಸಲ ಕೂಗು, ಇಲ್ಲವೇ ಆರು ಸಲ ಟಾರ್ಚ್ ಬೆಳಕು. ಆಮೇಲೆ ಒಂದು ನಿಮಿಷ ಸುಮ್ಮನಿದ್ದು ಕಿವಿಗೊಡಬೇಕು. ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರ ಕೊಡುತ್ತಾರೆ. ಸುಮ್ಮನಿರುವ ಆ ಒಂದು ನಿಮಿಷ ಬಹಳ ಮುಖ್ಯ, ಒಂದೇ ಸಮನೆ ಅರಚುತ್ತಿದ್ದರೆ ಹುಡುಕಿ ಬಂದವರ ದನಿ ನಮಗೇ ಕೇಳಿಸುವುದಿಲ್ಲ, ಗಂಟಲೂ ಬಿದ್ದುಹೋಗುತ್ತದೆ. ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಸೀಟಿಗೆ ಎಷ್ಟು ದುಡ್ಡಾದೀತು? ಸೆರಗಿನ ತುದಿಗೆ ಕಟ್ಟಿಕೊಳ್ಳಬಹುದು. ಸ್ಟೀಲ್ ತಟ್ಟೆಗೆ ಕಲ್ಲಿನಿಂದ ಬಡಿದರೂ ದೂರಕ್ಕೆ ಕೇಳುತ್ತದೆ.

ಹೊರದೇಶಗಳಲ್ಲಿ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಣ್ಣ ಯಂತ್ರಗಳಿವೆ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಅಪರಾಧ. ಯಾರಾದರೂ ತಂದುಕೊಟ್ಟರೂ ಬೇಡ.

ಕೆಳಗೆ ಹೋಗುವವರು ಯಾರು, ಕೂರುವವರು ಯಾರು

2019ರ ಕೊನೆಯಲ್ಲಿ, 2020ರ ಆರಂಭದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜೀವಗಳು ಹೋದವು, ಅದರಲ್ಲಿ ಪುಟ್ಟ ಮಕ್ಕಳೂ ಇದ್ದರು. ಆಮೇಲೆ ಒಬ್ಬರೇ ಹೋಗಬಾರದು ಅಂತ ಎಲ್ಲರಿಗೂ ತಿಳಿಯಿತು. ಇಬ್ಬರಿಗಿಂತ ಮೂವರು ಹೋದರೆ ಇನ್ನೂ ಒಳ್ಳೆಯದು ಅನ್ನುತ್ತೇವೆ ನಾವು. ಒಬ್ಬಳಿಗೆ ಪೆಟ್ಟಾದರೆ ಒಬ್ಬಳು ಜೊತೆಯಲ್ಲಿ ಕೂರುತ್ತಾಳೆ, ಒಬ್ಬಳು ಸುದ್ದಿಗೆ ಹೋಗುತ್ತಾಳೆ. ಇಬ್ಬರೇ ಇದ್ದರೆ ಪೆಟ್ಟಾದವಳನ್ನು ಒಂಟಿಯಾಗಿ ಬಿಡಬೇಕಾಗುತ್ತದೆ. ಬಿಡುವ ಮೊದಲು ನೆರಳಿಗೆ ಸರಿಸಿ, ನೀರು ಮತ್ತು ಸೀಟಿ ಕೈಗೆ ಸಿಗುವಂತೆ ಇಟ್ಟು, ಹತ್ತಿರದ ಮರಕ್ಕೆ ಬಣ್ಣದ ಬಟ್ಟೆ ಕಟ್ಟಿ ಹೋಗಬೇಕು. ಬೆನ್ನಿಗೆ, ಕತ್ತಿಗೆ ಪೆಟ್ಟು ಬಿದ್ದಿರುವ ಅನುಮಾನ ಇದ್ದರೆ ಸರಿಸಲು ಹೋಗಬೇಡಿ, ಅಲ್ಲೇ ನೆರಳು ಮಾಡಿ.

ಹೋಗುವವಳು ಎಳೆಯ ಹುಡುಗಿಯಾದರೆ ಬೇಗ ಓಡುತ್ತಾಳೆ, ಆದರೆ ಗಾಬರಿಯಲ್ಲಿ ಅರ್ಧ ಮರೆಯುತ್ತಾಳೆ. ಅದಕ್ಕೇ ಚೀಟಿ. ಪೆನ್ನಿಲ್ಲದಿದ್ದರೆ ಹೊರಡುವ ಮೊದಲು ಅವಳ ಬಾಯಲ್ಲಿ ಎರಡು ಸಲ ಹೇಳಿಸಿ: ಎಲ್ಲಿ, ಏನಾಯಿತು, ಎಷ್ಟು ಜನಕ್ಕೆ, ಮಾತಾಡುತ್ತಿದ್ದಾಳಾ, ಉಸಿರು ಹೇಗಿದೆ, ರಕ್ತ ನಿಂತಿದೆಯಾ, ಗಾಡಿ ಎಲ್ಲಿಯವರೆಗೆ ಬರಬಹುದು. ಮಕ್ಕಳಿಗೆ ಮಗ್ಗಿ ಹೇಳಿಸುವ ಹಾಗೆ.

ಕೂತವಳ ಕೆಲಸವೂ ಚಿಕ್ಕದಲ್ಲ. ರಕ್ತ ಹೋಗುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಬೇಕು, ನಿಂತಿತಾ ಅಂತ ಮತ್ತೆ ಮತ್ತೆ ಎತ್ತಿ ನೋಡಬಾರದು. ಕಾಫಿಪುಡಿ, ಅರಿಶಿನ, ಮಣ್ಣು ಮೆತ್ತಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡಬೇಡಿ, ಉಸಿರಿನ ದಾರಿಗೆ ಹೋಗಿ ಜೀವವೇ ಹೋಗಬಹುದು. ಉಸಿರಾಡುತ್ತಿದ್ದರೆ ತಲೆ ಮೈ ಒಟ್ಟಿಗೇ ತಿರುಗುವಂತೆ ನಿಧಾನವಾಗಿ ಒಂದು ಮಗ್ಗುಲಿಗೆ ಮಲಗಿಸಿ. ಕೈಕಾಲು ಹಿಡಿದು ಜೋತಾಡಿಸಿಕೊಂಡು ಎತ್ತಬೇಡಿ. ರಸ್ತೆಯವರೆಗೆ ಹೊರಲೇಬೇಕಾದರೆ ಎರಡು ಗಟ್ಟಿ ಗಳುಗಳಿಗೆ ಕಂಬಳಿಯನ್ನು ಸುತ್ತಿ ಡೋಲಿ ಮಾಡಿ, ನಾಲ್ಕು ಜನ ಹೊರಿ. ಕುರಿ ಕಾಯುವವರ ಹೆಗಲ ಮೇಲಿನ ಕಂಬಳಿ ಇಂಥ ಹೊತ್ತಿನಲ್ಲಿ ಬಹಳ ಉಪಕಾರಿ.

ಹೆಜ್ಜೇನು ಎದ್ದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ದೂರ ಓಡುವುದೇ ದಾರಿ. ಮುಖ ಊದಿ ಉಸಿರು ಕಟ್ಟಿದರೆ, ಬಹಳ ಕಡೆ ಕಚ್ಚಿದ್ದರೆ ತಡಮಾಡದೆ ಆಸ್ಪತ್ರೆ.

ಹಾವಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂಬ ನಿಯಮ ಬಂದಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ನಮ್ಮಲ್ಲಿ ಒಂದೇ ಔಷಧಿ. ಆದ್ದರಿಂದ ಹಾವನ್ನು ಅಟ್ಟಿಸಿಕೊಂಡು ಹೋಗಿ ಹೊಡೆದು ತರುವ ಅಗತ್ಯ ಇಲ್ಲವೇ ಇಲ್ಲ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. ಬಳೆ, ಉಂಗುರ, ಕಾಲುಂಗುರ ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ಅದೇ ಬಿಗಿದು ರಕ್ತ ಓಡುವುದನ್ನು ನಿಲ್ಲಿಸುತ್ತದೆ. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವುದಾ ಅಂತ ಹಿಂಜರಿದವರನ್ನು ನಾವು ನೋಡಿದ್ದೇವೆ. ಬೆರಳು ಉಳಿದರೆ ಉಂಗುರ ಮತ್ತೆ ಹಾಕಿಕೊಳ್ಳಬಹುದು ಕಣಮ್ಮಾ. ಕಚ್ಚಿದ ಕೈಕಾಲು ಅಲ್ಲಾಡದಂತೆ ಕೋಲು ಇಟ್ಟು ಹಗುರವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡೇ ತನ್ನಿ. ಕಚ್ಚಿದ ಗಂಟೆ ನೆನಪಿಡಿ, ಡಾಕ್ಟರು ಮೊದಲು ಕೇಳುವುದು ಅದನ್ನೇ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೂ ಹೆಚ್ಚು ಇರುವುದಿಲ್ಲ, ಗುರುತೂ ಕಾಣದಿರಬಹುದು. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಕಂಡರೆ ದೃಷ್ಟಿಯಾಗಿದೆ ಅಂತ ನಿವಾಳಿಸುತ್ತಾ ಕೂರಬೇಡಿ.

ಬಾಯಿ ಕಟ್ಟುವ ಹೆದರಿಕೆ

ಇಷ್ಟೆಲ್ಲಾ ಗೊತ್ತಿದ್ದರೂ ಫೋನ್ ಮಾಡದೆ ಇರುವವರಿದ್ದಾರೆ. ಸೌದೆಗೆ ಹೋಗಿದ್ದು ಅರಣ್ಯದ ಜಾಗ, ದಂಡ ಹಾಕಿದರೆ? ಪೊಲೀಸ್ ಕೇಸಾದರೆ? ಹೇಳದೆ ಹೋಗಿದ್ದೆ, ಗಂಡ ಬೈದರೆ? ಹೀಗೆ ಯೋಚಿಸುತ್ತಾ ಮೊದಲ ಅರ್ಧ ಗಂಟೆ ಹೋಗುತ್ತದೆ. ನಮ್ಮ ಅನುಭವದಲ್ಲಿ ಸಿಗ್ನಲ್ ಇಲ್ಲದ್ದಕ್ಕಿಂತ ಈ ಹೆದರಿಕೆಯೇ ಹೆಚ್ಚು ಹೊತ್ತು ತಿನ್ನುತ್ತದೆ. ಹೆಂಗಸರು ಇನ್ನೂ ಒಂದು ಸುಳ್ಳು ಹೇಳುತ್ತಾರೆ, ಕಾಡಿನಲ್ಲಿ ಬಿದ್ದಿದ್ದನ್ನು ಮನೆ ಹತ್ತಿರ ಬಿದ್ದೆ ಅನ್ನುತ್ತಾರೆ. ಗಾಡಿ ಮನೆಗೆ ಬಂದು ನಿಲ್ಲುತ್ತದೆ, ಪೆಟ್ಟಾದವಳು ಬೆಟ್ಟದಲ್ಲಿ! ಫೋನಿನಲ್ಲಿ ಜಾಗದ ಬಗ್ಗೆ ನಿಜವನ್ನೇ ಹೇಳಿ. ದಂಡದ ಮಾತು ಬಂದರೆ ಆಮೇಲೆ ಸಂಘದವರೆಲ್ಲಾ ಸೇರಿ ಮಾತಾಡಬಹುದು. ಕಾಡುಪ್ರಾಣಿಯಿಂದ ಗಾಯವಾದರೆ ಅರಣ್ಯ ಇಲಾಖೆಗೆ ತಿಳಿಸಲೇಬೇಕು, ಪರಿಹಾರಕ್ಕೆ ಅದು ಬೇಕು. ಅವರ ಸಹಾಯವಾಣಿ 1926.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ನಮ್ಮ ತಲೆಗೆ ಬರುತ್ತದೆ ಅನ್ನುವ ಮಾತು ಈಗಲೂ ಇದೆ. ಕಾನೂನು ಬದಲಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮಿನ ಪ್ರಕಾರ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ. ಇಂಥ ಕಾನೂನುಗಳಿಗೆ ಎಲ್ಲಾ ಕಡೆ ಲೂಕನ ಶುಭಸಂದೇಶದ ಸಮಾರಿಯದವನ ಹೆಸರನ್ನೇ ಇಟ್ಟಿದ್ದಾರೆ. ಆ ಸಾಮತಿಯಲ್ಲಿ ಗಾಯಾಳು ಬಿದ್ದಿದ್ದೂ ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ನಿರ್ಜನ ದಾರಿಯಲ್ಲೇ. ಕಂಡೂ ಪಕ್ಕಕ್ಕೆ ಸರಿದು ಹೋದ ಇಬ್ಬರಿಗೂ ಏನೋ ಒಂದು ಹೆದರಿಕೆ ಇದ್ದಿರಬೇಕು.

ಎರಡನೇ ವಾರದ ಸಭೆಯಲ್ಲಿ ಮಾಡಬೇಕಾದದ್ದು

ಒಂದು ದೊಡ್ಡ ಹಾಳೆಯಲ್ಲಿ ನಿಮ್ಮ ಊರಿನ ಸುತ್ತಲಿನ ನಕ್ಷೆ ಬರೆಯಿರಿ. ಅಂದಚಂದ ಬೇಡ. ಬೆಟ್ಟ, ಕೆರೆ, ಕಾಲುದಾರಿ, ಗಾಡಿ ಬರುವ ಕೊನೆಯ ಜಾಗ, ಸಿಗ್ನಲ್ ಸಿಗುವ ಬಂಡೆ, ಇಷ್ಟು ಇರಲಿ. ಅದರ ಕೆಳಗೆ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಅಂತ ದಪ್ಪಕ್ಷರದಲ್ಲಿ ಬರೆದು 108, 112, 1926, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, ರಾತ್ರಿ ಹೊತ್ತು ಕರೆದರೂ ಬರುವ ಒಬ್ಬ ಆಟೋದವರ ನಂಬರ್ ಹಾಕಿ. ಹಾವಿನ ಔಷಧಿ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಇಟ್ಟಿದ್ದಾರಾ, ರಾತ್ರಿ ಯಾರಿರುತ್ತಾರೆ ಅಂತ ಇಬ್ಬರು ಸದಸ್ಯರು ಹೋಗಿ ಕೇಳಿಕೊಂಡು ಬರಲಿ.

ಆಮೇಲೆ ಒಬ್ಬರು 108ರವರಾಗಿ, ಒಬ್ಬರು ಗಾಬರಿಯಾದ ತಂಗಿಯಾಗಿ ನಾಟಕ ಆಡಿ. ಮೊದಲ ಸಲ ಎಲ್ಲರೂ ನಗುತ್ತೀರಿ, ಪರವಾಗಿಲ್ಲ. ಮೂರನೇ ಸಲಕ್ಕೆ ಜಿಲ್ಲೆಯಿಂದ ಗುರುತಿನವರೆಗೆ ತಡವರಿಸದೆ ಬರುತ್ತದೆ. ಓದು ಬಾರದವರಿಂದಲೇ ಮೊದಲು ಮಾಡಿಸಿ.

ಸಂಘದ ಹಣದಿಂದ ಕಾಡಿಗೆ ಹೋಗುವ ಸದಸ್ಯರಿಗೆ ಒಂದೊಂದು ಸೀಟಿ ಕೊಳ್ಳುವುದಾದರೆ ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆದು ಸಹಿ ಮಾಡಿಸಿ. ಹೋಗುವ ದಿನ ಯಾವ ಕಡೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಪಕ್ಕದ ಮನೆಯಲ್ಲಿ ಹೇಳಿ ಹೋಗುವುದು. ಹೇಳಿದ ಹೊತ್ತು ಕಳೆದು ಒಂದು ಗಂಟೆಯಾದರೂ ಬಾರದಿದ್ದರೆ ಆ ಮನೆಯವರು ಏನು ಮಾಡಬೇಕು, ಮೊದಲು ಯಾರಿಗೆ ಹೇಳಬೇಕು ಅನ್ನುವುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿ. ನಕ್ಷೆಯ ಒಂದು ಪ್ರತಿ ಅಂಗನವ��ಡಿಯ ಗೋಡೆಗೆ, ಇನ್ನೊಂದು ಹಾಲಿನ ಡೈರಿಯ ಬಾಗಿಲಿಗೆ ಅಂಟಿಸಿ. ಅನಿಮೇಟರ್ ಮುಂದಿನ ತಿಂಗಳು ಬಂದಾಗ ಅದನ್ನು ನೋಡುತ್ತಾರೆ. ಅವರು ನಿಮ್ಮ ಊರಿನವರಲ್ಲ, ಆದ್ದರಿಂದ ಬರೀ ಆ ನಕ್ಷೆ ನೋಡಿಕೊಂಡು, ಯಾರನ್ನೂ ದಾರಿ ಕೇಳದೆ, ಸಿಗ್ನಲ್ ಬಂಡೆಯವರೆಗೆ ಒಮ್ಮೆ ಅವರನ್ನೇ ನಡೆಸಿ ನೋಡಿ.